ಕೈಗೆತ್ತಿಕೊಂಡ ಕಲ್ಲು

“ಆಹಾ, ಏನು ಸೆಕ್ಸಿಯಾಗಿದೆ!” ಕೊನೆಯ ಕಲ್ಲಿಟ್ಟು ಹಿಂದೆ ಸರಿದ ಹೇಝಲ್ ತಾನು ಕಟ್ಟಿದ ಗೋಡೆಗೇ ಹೇಳಿದಳು. ಕಂಬ್ರಿಯಾ ಸೀಮೆಯ ಗುಡ್ಡದ ಮೇಲೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುವ ಕಸುಬಿನ ಪರೀಕ್ಷೆ ಅದು. ಇವತ್ತು ಪಾಸಾದರೆ ಅವಳೂ ಮೇಸ್ತ್ರಿ.

ಪರೀಕ್ಷಿಸಲು ನಿಂತಿದ್ದ ಅವಳ ಗುರು, ಮುದುಕ ವಿಲ್ಫ್, ಹುಬ್ಬು ಗಂಟಿಕ್ಕಿದ. “ಥೂ, ಪಾದ್ರಿಗಳ ಹೆಂಡ್ತಿ ಅಲ್ಲೇ ದಾರೀಲಿ ನಿಂತಿದಾರೆ ಕಣೇ ಹುಡುಗಿ. ಆ ಮಾತು ವಾಪಸ್ ತಗೋ.”

“ಅವರೇ ನಿನ್ನೆ ನನ್ನ ಬೂಟು ನೋಡಿ ಹಂಗಂದ್ರು! ಈಗ ಅದಕ್ಕೆ ಚೆಂದ ಅಂತಷ್ಟೇ ಅರ್ಥ, ವಿಲ್ಫ್. ಅದೂ ಅಲ್ದೆ, ಕೈಗೆತ್ಕೊಂಡ ಕಲ್ಲನ್ನ ಕೆಳಗಿಡಬೇಡ, ಎಲ್ಲಾದ್ರೂ ಕೂರಿಸು ಅಂತ ಕಲಿಸ್ದೋರು ನೀವೇ. ಆಡಿದ ಮಾತೂ ಹಂಗೇ.”

ವಿಲ್ಫ್ ಗೋಡೆ ಹತ್ತಿ, ಅದರ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಹಿಮ್ಮಡಿ ಊರಿ ಊರಿ ನಡೆದ. ಒಂದು ಕಲ್ಲೂ ಮಿಸುಕಲಿಲ್ಲ. ಹೇಝಲ್ ಸೊಂಟಕ್ಕೆ ಕೈಯಿಟ್ಟು ನಗುತ್ತಲೇ ನಿಂತಿದ್ದಳು. ಇಳಿಯುವ ಮೊದಲು ಅವನು ಬಗ್ಗಿ, ಅವಳಿಟ್ಟ ಕೊನೆಯ ಕಲ್ಲನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದ. ಅದೂ ಜಗ್ಗಲಿಲ್ಲ.

“ಗಟ್ಟಿಯಾಗಿ ಕೂತಿದೆ ಕಣಮ್ಮಾ ಮೇಸ್ತ್ರಿ,” ಎಂದ. “ಆ ಮಾತೂ ಅಲ್ಲೇ ಇರ್ಲಿ ಬಿಡು.”