ಮಾಲೀಕನಿಲ್ಲದ ಕಂಪನಿ

ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ ಆಳಂದದಲ್ಲಿಳಿದ ಶೈಲಶ್ರೀ, ಮೂರು ತಿಂಗಳ ಕೂಸನ್ನು ಬಗಲಿಗೇರಿಸಿ ನೇರ ತನ್ನದೇ ಕಂಪನಿಯ ಸೀಮಾಳ ಮನೆಗೆ ನಡೆದಳು. ಜಗಳಕ್ಕೆಂದೇ ಬಂದಿದ್ದಳು.

ಮುಂಜಾನೆ ಕಂಪನಿ ಅವಳನ್ನು ಹೊರಹಾಕಿತ್ತು. ಒಂದೇ ಒಂದು ಮತದಿಂದ. ಸಂಜೆಯೊಳಗೆ ಯಾರಾದರೂ ಒಬ್ಬರು ಮತ ಬದಲಿಸಿದರೆ ಉಳಿದಾಳು.

ಯಂತ್ರಗಳಿಗೆ ಕನ್ನಡ ಕಲಿಸುವ ಕಂಪನಿ ಅದು. ಜೇವರ್ಗಿ, ಅಫಜಲಪುರ, ಆಳಂದದ ಹದಿಮೂರು ಮಂದಿ ತಂತಮ್ಮ ಮನೆಯಲ್ಲೇ ಕೂತು ದುಡಿಯುತ್ತಿದ್ದರು. ಸಾಹೇಬನಿಲ್ಲ, ಸಲಾಮಿಲ್ಲ. ಅಡ್ಡಹೆಸರು ಕೇಳಿ, ಜಾತಿ ಅಳೆದು ಮುಖ ಸಿಂಡರಿಸುವವರಿಲ್ಲ. ಎಲ್ಲ ತೀರ್ಮಾನವೂ ಫೋನಿನಲ್ಲಿ, ಮತದಿಂದ. ಆ ಸಮಾನತೆಗಾಗಿಯೇ ಅವಳು ಅದನ್ನು ಪ್ರಾಣದಂತೆ ಹಚ್ಚಿಕೊಂಡಿದ್ದಳು. ಈಗ ನ್ಯಾಯ ಕೇಳೋಣವೆಂದರೆ ತಟ್ಟಲು ಒಂದು ಬಾಗಿಲೂ ಇಲ್ಲ! ಹೊರಬಿದ್ದವಳ ಫೋನಿನಲ್ಲಿ ಮತಪಟ್ಟಿ ಕೂಡ ತೆರೆಯುತ್ತಿರಲಿಲ್ಲ.

ಅವಳನ್ನು ಕಂಪನಿಗೆ ಸೇರಿಸಿದವನು ಅಫಜಲಪುರದ ಧರ್ಮರಾಜ. ಹೆರಿಗೆಯ ವಾರ ಆಸ್ಪತ್ರೆಗೇ ಬಂದು, ಅವಳ ಫೋನನ್ನೇ ಅವಳ ಮುಂದೆ ಹಿಡಿದಿದ್ದ.

“ಇಲ್ಲೊಂದು ಒತ್ತು ತಂಗಿ. ಆರಾಮ ಬಾಣಂತನ ಮಾಡಿಸ್ಕೋ. ಕಂಪನಿದು ನಾ ನೋಡ್ಕೋತೇನಿ.”

ಒತ್ತಿದ್ದಳು. ಇವತ್ತು ಮುಂಜಾನೆ ಮೊದಲು ಫೋನ್ ಮಾಡಿದವನೂ ಅವನೇ.

“ಆ ಆಳಂದದಾಕಿ ಸೀಮಾಂದೇ ಕೈವಾಡ ನೋಡು. ಬಾಣಂತಿ ಕೈಲೆ ಕೆಲಸ ಸಾಗವಲ್ದು ಅಂತ ಆಕೀನೇ ಮಂದಿಗೆ ಹಚ್ಚಿಕೊಟ್ಟಾಳ.”

ಸೀಮಾ ಬಾಗಿಲಲ್ಲೇ ಸಿಕ್ಕಳು.

“ಅಯ್ಯ, ಕೂಸಿನ್ನ ಕಟಗೊಂಡು ಈ ಬಿಸಲಾಗ ಬಂದಿ? ಒಳಗ ಬಾ ಬೇ, ಊಟ ಮಾಡು.”

“ಬಾಯಾಗಿನ ತುತ್ತು ಕಸಗೊಂಡು ಊಟಕ್ಕ ಕರೀತಿ?”

ಸೀಮಾ ತನ್ನ ಫೋನಿನಲ್ಲಿ ಮತಪಟ್ಟಿ ತೆರೆದು ಮುಂದೆ ಹಿಡಿದಳು.

“ಮೊದಲ ಓದು. ಆಮ್ಯಾಲ ಬೈಯಿ.”

ಶೈಲಶ್ರೀ ಇರಲಿ ಎಂದವರು ಆರು ಮಂದಿ. ಮೊದಲ ಹೆಸರೇ ಸೀಮಾ. ಬೇಡ ಎಂದವರು ಏಳು. ಪೀರಪ್ಪ, ಕಲ್ಯಾಣಕುಮಾರ, ಧರ್ಮರಾಜ...

ಬೆರಳು ಅಲ್ಲೇ ನಿಂತಿತು. “ಅಣ್ಣ?”

“ಯಾವ ಅಣ್ಣ ಬೇ? ನಿನ್ನ ಜಾಗಾಕ್ಕ ಹೆಂಡ್ತಿ ತಮ್ಮನ ಹೆಸರು ಆಗಲೇ ಹಾಕ್ಯಾನ. ಇನ್ನೂ ಕೆಳಗ ಹೋಗು. ನಂಗೂ ಅದೊಂದು ತಿಳೀವಲ್ದು.”

ಏಳನೆಯ ಹೆಸರು ಶೈಲಶ್ರೀಯದೇ. ಆಸ್ಪತ್ರೆಯ ಮಂಚದ ಮೇಲೆ ಅವಳು ಒತ್ತಿದ್ದು, ತನ್ನ ಮತವನ್ನೂ ಧರ್ಮರಾಜನೇ ಹಾಕಲಿ ಎಂಬ ಒಪ್ಪಿಗೆಯನ್ನು.