ಒಳಗೇ ಅರಳುವ ಗುಂಡು

ಗಂಡ ಲೀವೈ ಗುಂಡಿಗೆ ಸೀಸ ಕರಗಿಸಲು ಕೂತದ್ದನ್ನು ಕಂಡಾಗಲೇ ಓರ್ಫಾಳ ಮೈ ತಣ್ಣಗಾಯಿತು. ಬೇಟೆಯ ಕಾಲವಲ್ಲ. ಉದ್ದನೆಯ ಬಂದೂಕು ಗೋಡೆಯ ಮೇಲೆ ಹಾಗೇ ಇತ್ತು. ಗಂಡ ಇಳಿಸಿಟ್ಟುಕೊಂಡದ್ದು ಯುದ್ಧದಿಂದ ತಂದ ರಿವಾಲ್ವರ್.

ಬೆಳಿಗ್ಗೆ ಅವಳ ತಮ್ಮ ಏಸಾ ನಡೆದುಕೊಂಡು ಬಂದಿದ್ದ. ಮೊಣಕಾಲವರೆಗೆ ಕೆಸರು, ಕೆಂಪಗಾದ ಕಣ್ಣು. ಅಕ್ಕನ ಮನೆಗೆ ಬಂದವನು ಹೊಸ್ತಿಲು ತುಳಿಯಲಿಲ್ಲ. ಕೊಟ್ಟಿಗೆಯ ಮರೆಯಲ್ಲಿ ಲೀವೈಗೆ ಏನೋ ಹೇಳಿದ. ಲೀವೈ ಅವನ ಭುಜವನ್ನು ಬಿಗಿಯಾಗಿ ಹಿಡಿದ. ಏಸಾ ಕೊಡವಿಕೊಂಡು, ತಿರುಗಿಯೂ ನೋಡದೆ ಗುಡ್ಡ ಹತ್ತಿದ. ಕಿಟಕಿಯಿಂದ ಅವಳಿಗೆ ಕಂಡದ್ದು ಇಷ್ಟೇ.

ಬೇಲಿಯ ವಿಷಯಕ್ಕೆ ಭಾವ-ಮೈದುನರಿಬ್ಬರೂ ಹೋದ ಭಾನುವಾರವಷ್ಟೇ ಚರ್ಚಿನ ಅಂಗಳದಲ್ಲಿ ಕೊರಳಪಟ್ಟಿ ಹಿಡಿದಾಡಿದ್ದರು. "ನಿನ್ನ ಹೆಣ ಬೀಳಿಸ್ತೀನಿ ಕಣೋ!" ಎಂದು ಲೀವೈ ಕೂಗಿದ್ದನ್ನು ಓಝಾರ್ಕ್ ಬೆಟ್ಟದ ಆ ಕಣಿವೆಯವರೆಲ್ಲ ಕೇಳಿಸಿಕೊಂಡಿದ್ದರು.

ಲೀವೈ ಸೀಸದ ಕೊಳೆ ಬಿಡಿಸಲು ಕುಡಿಕೆಗೆ ಚೂರು ಜೇನುಮೇಣ ಹಾಕಿದ. ಭಗ್ಗೆಂದಿತು. ಕಿಟ್ಟ ತೆಗೆದು, ಒಂದು ತೊಟ್ಟು ಸೀಸವನ್ನು ಒಲೆಗಲ್ಲಿನ ಮೇಲೆ ಬಿಟ್ಟು, ಆರಿದ ಮೇಲೆ ಉಗುರಿನಿಂದ ಗೀರಿದ. ಗೆರೆ ಮೂಡಿತು.

"ಬೆಣ್ಣೆ ಇದ್ದ ಹಾಗಿದೆ" ಎಂದ.

"ಏಸಾ ಹತ್ರ ಹೋಗ್ತಿದೀರಾ?"

ಅವನ ಕೈಯ ಸೌಟು ನಿಂತಿತು. "ಹೂಂ."

"ಅವನು ನನ್ನ ತಮ್ಮ ಕಣ್ರೀ. ಎತ್ತಿ ಆಡಿಸಿದ ಕೈ ಇದು."

"ಅದಕ್ಕೇ ನಿಂಗೆ ಹೇಳ್ಲಿಲ್ಲ. ನೀನು ಮನೇಲೇ ಇರು. ಅಲ್ಲಿಗೆ ಬರಬೇಡ."

"ಬೇರೆ ದಾರೀನೇ ಇಲ್ವಾ?"

"ನಿಮ್ಮಪ್ಪನ ಹಾಗೆ ಉಪದೇಶ ಶುರು ಮಾಡ್ಬೇಡ ಮಾರಾಯ್ತಿ. ಇದ್ದಿದ್ರೆ ನಾನು ಇಲ್ಲಿ ಕೂತಿರ್ತಿದ್ನಾ? ಒಂದೇ ಗುಂಡು. ಒಳಗೇ ಅರಳಿ ನಿಲ್ಲಬೇಕು. ಆಚೆಗೆ ಬರಕೂಡದು. ನರಳಿಸೋಕೆ ನನ್ನ ಕೈಲಾಗಲ್ಲ."

ಅವನು ಸೌದೆ ತರಲು ಎದ್ದು ಹೋದ.

ಓರ್ಫಾಳಿಗೆ ಅಪ್ಪನ ನೆನಪಾಯಿತು. ಯುದ್ಧದಲ್ಲಿ ಅಪ್ಪನ ಎದೆಗೆ ಬಿದ್ದದ್ದು ತವರ ಬೆರೆತ ಗಟ್ಟಿ ಗುಂಡು. ಅರಳಲಿಲ್ಲ, ಸೂಜಿಯ ಹಾಗೆ ತೂರಿ ಬೆನ್ನಿನಿಂದ ಹೊರಬಿತ್ತು. "ಊಟಕ್ಕೂ ನಿಲ್ಲದ ನೆಂಟ ಕಣಮ್ಮ, ಹಿಂಬಾಗಿಲಿಂದ ಹಾಗೇ ಹೋಗ್ಬಿಟ್ಟ" ಎಂದು ಸಾಯುವವರೆಗೂ ಅಂಗಿ ಎತ್ತಿ ತೋರಿಸಿ ನಗುತ್ತಿದ್ದ.

ಅವಳು ಯೋಚಿಸುತ್ತ ನಿಲ್ಲಲಿಲ್ಲ. ಗೂಡಿನಲ್ಲಿದ್ದ ಅಮ್ಮನ ತವರದ ಚಮಚಗಳನ್ನು ಬಾಚಿ ಕುಡಿಕೆಗೆ ಹಾಕಿದಳು. ಮಂಜುಗಡ್ಡೆಯಂತೆ ಕರಗಿದವು. ಕಲಕಿ, ಸೌಟನ್ನು ಇದ್ದಲ್ಲೇ ಇಟ್ಟಳು.

ಒಮ್ಮೆ ಗೀರಿ ನೋಡಿದ ಸೀಸವನ್ನು ಲೀವೈ ಮತ್ತೆ ನೋಡುವವನಲ್ಲ. ಅಚ್ಚಿಗೆ ಸುರಿದ. ಗುಂಡು ಬೆಳ್ಳಿಯಂತೆ ಹೊಳೆಯಿತು. "ಚೆನ್ನಾಗಿ ತುಂಬಿದೆ" ಎಂದು ಹಿಗ್ಗಿದ. ಅದನ್ನು ರಿವಾಲ್ವರಿನೊಳಗೆ ಮದ್ದಿನ ಮೇಲೆ ಕೂರಿಸುವಾಗ ಮಾತ್ರ ಗುಂಡು ಅದುಮುವ ಸನ್ನೆಗೋಲು ಬಗ್ಗಲಿಲ್ಲ. ಎರಡೂ ಕೈ ಊರಿ, ಮೈಭಾರವನ್ನೆಲ್ಲ ಹಾಕಿ ಅದುಮಿದ.

"ಕೈಯಲ್ಲಿ ಕಸುವೇ ಇಲ್ಲ ಇವತ್ತು" ಎಂದು ಗೊಣಗಿ, ಟೋಪಿ ಹಾಕಿಕೊಂಡು ಹೊರಟ.

ಸ್ವಲ್ಪ ಹೊತ್ತು ಅವಳು ಕೂತಿದ್ದಳು. ಕೂರಲಾಗಲಿಲ್ಲ. ಗಾಯಕ್ಕೆ ಕಟ್ಟಲು ಬಟ್ಟೆ ಹರಿದು ಉಡಿಯಲ್ಲಿ ತುಂಬಿಕೊಂಡು ಗುಡ್ಡದ ದಾರಿ ಹಿಡಿದಳು. ತೂರಿ ಹೋದ ಗಾಯವನ್ನು ಕಟ್ಟಬಹುದು. ಅಪ್ಪ ಬದುಕಿದ್ದನಲ್ಲ. ಏಸಾನೂ ಬದುಕುತ್ತಾನೆ.

ಗುಡ್ಡದ ನೆತ್ತಿ ದಾಟಿದರೆ ಏಸಾನ ಹುಲ್ಲುಗಾವಲು. ಅಲ್ಲಿ, ಕೆಳಗೆ, ಕಂದು ಬಣ್ಣದ ಹೆಣ್ಣುಕುದುರೆ ಹೊಟ್ಟೆ ಊರಿ ಬಿದ್ದಿತ್ತು. ಮುಂಗಾಲು ಮುರಿದು, ಮೂಳೆ ಹೊರಬಂದಿತ್ತು. ತಾಯಿಯಿಲ್ಲದ ಆ ಮರಿಗೆ ಬಟ್ಟೆಯದ್ದಿ ಹಾಲು ಕುಡಿಸಿ ಬೆಳೆಸಿ, ತಮ್ಮನ ಮದುವೆಗೆ ಉಡುಗೊರೆ ಕೊಟ್ಟವಳು ಅವಳೇ.

ಲೀವೈ ಈಚೆ ಬದಿಯಲ್ಲಿ ಮಂಡಿಯೂರಿ, ಕುದುರೆಯ ಕಿವಿಯ ಕೆಳಗೆ ರಿವಾಲ್ವರ್ ಹಿಡಿದಿದ್ದ. ಆಚೆ ಬದಿಯಲ್ಲಿ ಏಸಾ ಅದರ ತಲೆಯನ್ನು ಎದೆಗೊತ್ತಿಕೊಂಡು ಕೂತಿದ್ದ. ಗಾಳಿ ಅವರ ಮಾತನ್ನು ಮೇಲಕ್ಕೆ ತಂದಿತು.

"ಅತ್ಲಾಗೆ ಸರಿಯೋ."

"ಬಿಟ್ರೆ ಹೆದರ್ಕೋತಾಳೆ ಭಾವ. ನೀನು ಹೊಡಿ."

"ಸರಿ, ಹಿಡ್ಕೋ. ಮೆತ್ತನೆ ಸೀಸಾನೇ ಹಾಕಿದೀನಿ, ಆಚೆಗೆ ಬರಲ್ಲ."

ಓರ್ಫಾ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಗುಂಡು ಹಾರಿತ್ತು. ಬಿಳಿಯ ಹೊಗೆ ಅವರಿಬ್ಬರನ್ನೂ ಕುದುರೆಯನ್ನೂ ಮುಚ್ಚಿತು.

ಹೊಗೆಯೊಳಗಿಂದ ಲೀವೈನ ದನಿ ಮೆಲ್ಲಗೆ ಕೇಳಿಸಿತು. "ಆಯ್ತು ಕಣೋ, ಮುಗೀತು. ಏಳು."

ಏಸಾ ಏಳಲಿಲ್ಲ.