ದೊಡ್ಡವ್ವನ ಬೀಗರ ಹಾಡು

ನನ್ನ ಮದುವೆಯ ಊಟಕ್ಕೆ ಬೀಗರು ಕೂತಾಗ ದೊಡ್ಡವ್ವ ನೀಲವ್ವ ಎದ್ದು ನಿಂತು ಹಾಡತೊಡಗಿದಳು. ಎರಡು ಸಾಲು ಮುಗಿಯುವುದರೊಳಗೆ ಕೇಳುವ ಮಾತನ್ನೆಲ್ಲ ಸೋಸಿ ಕೊಡುವ ಕಿವಿಗುಂಡಿಗಳು ಎಲ್ಲರ ಕಿವಿಯಲ್ಲೂ ಟಿಣ್ ಎಂದು ಕೇಳಿದವು:

"ಈ ಹಾಡಿನಲ್ಲಿ ಪರಿಶೀಲಿಸದ ಮಾತುಗಳು ಬೆರೆತಿವೆ. ಸುರಕ್ಷಿತ ಭಾಗವನ್ನಷ್ಟೇ ಕೇಳಿಸಲೇ?"

ಹೋಳಿಗೆ ಮುರಿಯುತ್ತಲೇ ಎಲ್ಲರೂ ಹೂಂ ಎಂದರು. ನಾನೂ ಅಂದೆ. ಹಳೆಯ ಸಾಲುಗಳು ಕೇಳಿಸಿದವು. ಬೀಗರನ್ನು ಕಿಚಾಯಿಸಲು ದೊಡ್ಡವ್ವ ನಿಂತಲ್ಲೇ ಕಟ್ಟಿದ ಸಾಲುಗಳು ಬಂದಾಗ ಬರೀ ಅವಳ ತುಟಿ ಆಡುತ್ತಿತ್ತು. ಪ್ರತಿ ಮದುವೆಯಲ್ಲೂ ಹೀಗೆಯೇ. ಆದರೂ ಅವಳು ಹೊಸ ಸಾಲು ಕಟ್ಟುವುದನ್ನು ಬಿಟ್ಟವಳಲ್ಲ. ಯಾರೂ ಕೇಳದ ಹಾಡನ್ನು ಇಷ್ಟು ಹುರುಪಿನಿಂದ ಹಾಡಲು ಎಂಥ ಎದೆ ಬೇಕು!

ನನಗೆ ತಡೆಯಲಾಗಲಿಲ್ಲ. ಗುಂಡಿ ಕಿತ್ತು ಎಲೆಯ ಮೇಲಿಟ್ಟೆ.

"ಹಸಿವಿಲ್ಲಂತಾಳ ಬೀಗತಿ, ಹೋಳಗಿ ಆರು ನುಂಗ್ಯಾಳ!"

ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಅತ್ತೆ ತಿರುಗಿದರು. "ಯಾಕವಾ, ನಗಾಕತ್ತಿ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಮ್ಯಾಲೇ ಹಾಡಾಕತ್ತಾಳ್ರೀ ಅತ್ತಿ. ಗುಂಡಿ ತಗದು ಕೇಳ್ರಿ," ಎಂದೆ.

ಅವರು ತೆಗೆದು ಕೇಳಿದರು. ಮುಖ ಬಿಗಿಯಿತು. ಹೊಸ ಸಂಸಾರ ಇಲ್ಲಿಗೇ ಕೆಟ್ಟಿತು ಅಂದುಕೊಂಡೆ. ಅವರು ಕೈ ಝಾಡಿಸಿ ಎದ್ದು ನಿಂತರು. ಅದೇ ಧಾಟಿಯಲ್ಲಿ ಎತ್ತಿಕೊಂಡರು:

"ಆರಲ್ಲ ಏಳು ತಿಂದೇನಿ, ಎಣಸಾಕೂ ಬರದ ಬೀಗತಿ!"

ಎಂದೂ ಗುಂಡಿ ಹಾಕದ ದೊಡ್ಡವ್ವನಿಗೆ ಅದು ನೆಟ್ಟಗೆ ಕೇಳಿಸಿತು. ಇಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ಉತ್ತರ ಅದು. ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಸಾಲಿಗೆ ದನಿ ಏರಿಸಿದಳು.

ಪಂಕ್ತಿಯಲ್ಲಿ ಒಬ್ಬೊಬ್ಬರೇ ಕಿವಿಗೆ ಕೈ ಹಾಕಿದರು. ಎಲೆಗಳ ಮೇಲೆ, ಉಪ್ಪಿನ ಪಕ್ಕದಲ್ಲಿ, ಗುಂಡಿಗಳು ಸುರಕ್ಷಿತ ಭಾಗವನ್ನಷ್ಟೇ ಕೇಳಿಸಲೇ ಎಂದು ಬಾಯಿ ಬಡಿದುಕೊಳ್ಳುತ್ತಿದ್ದವು.